ತರಗತಿಯ ವಾರದ ಓಲೆ

ಶಾಲೆಯಿಂದ ಮರಳಿದ ಆರೇಳು ವರ್ಷದ ಮಗುವನ್ನು “ಈ ದಿನ ಏನು ಕಲಿತೆ?” ಎಂದು ಕೇಳಿದರೆ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಏನೂ ಇಲ್ಲ.” ಇದು ಸುಳ್ಳಲ್ಲ, ಸೋಮಾರಿತನವೂ ಅಲ್ಲ. ಆ ವಯಸ್ಸಿನಲ್ಲಿ ಕಲಿಕೆಯೆಂಬುದು ಉಳಿದ ಬಾಳಿನಿಂದ ಬೇರೆಯಾಗಿ ತೋರುವುದಿಲ್ಲ. ಬೀಜ ಎಣಿಸಿದ್ದು ಮಗುವಿಗೆ ಆಟ. ಕಥೆ ಕೇಳಿದ್ದು ಕಥೆ. ಪಕ್ಕದ ಹುಡುಗ ರಬ್ಬರನ್ನು ಕಸಿದುಕೊಂಡದ್ದು ಜಗಳ. ಇವುಗಳಲ್ಲಿ ಯಾವುದನ್ನು ‘ಕಲಿತದ್ದು’ ಎಂದು ಹೇಳಬೇಕೆಂದು ಅದಕ್ಕೆ ತಿಳಿಯದು. ಅದೇ ಮಗುವನ್ನು “ನೇರಳೆಯ ಬೀಜ ಎಷ್ಟಿದ್ದುವು?” ಎಂದು ಕೇಳಿ ನೋಡಿರಿ, ಮಾತು ತಾನಾಗಿ ಹರಿಯುವುದು. ಆದರೆ ಹಾಗೆ ಕೇಳಬೇಕಾದರೆ, ತರಗತಿಯಲ್ಲಿ ನೇರಳೆಯ ಬೀಜಗಳನ್ನು ಎಣಿಸಿದರೆಂಬ ಸಂಗತಿ ಮನೆಯವರಿಗೆ ಮೊದಲೇ ತಿಳಿದಿರಬೇಕಷ್ಟೆ.

ಈ ಕಾರಣದಿಂದಲೇ ನಮ್ಮ ಶಾಲೆಯ ಒಂದನೆಯ ಮತ್ತು ಎರಡನೆಯ ತರಗತಿಗಳಿಂದ ಪ್ರತಿ ಶುಕ್ರವಾರ ಒಂದು ಹಾಳೆ ಮನೆಗಳಿಗೆ ಹೋಗುತ್ತದೆ. ಅದನ್ನು ನಾವು ‘ವಾರದ ಓಲೆ’ ಎಂದು ಕರೆಯುತ್ತೇವೆ. ಸಂಗತಿಗಳನ್ನು ಹೇಳುವವರು ಚಿಕ್ಕ ಮಕ್ಕಳು. ಬರೆಯುವವರು ಆರು ಏಳನೆಯ ತರಗತಿಗಳ ವಿದ್ಯಾರ್ಥಿಗಳು. ತಿದ್ದುವವರು ಉಪಾಧ್ಯಾಯರಾದ ನಾವು. ಮುಂದಿನ ವರ್ಷ ಈ ಕೆಲಸ ಓದುಗರಾದ ನಿಮ್ಮಲ್ಲಿ ಹಲವರ ಕೈಗೆ ಬರಲಿರುವುದರಿಂದ, ಅದನ್ನು ಬರೆಯುವ ಕ್ರಮವನ್ನೂ ಅದರ ಹಿಂದಿರುವ ಯೋಚನೆಯನ್ನೂ ಈ ಸಂಚಿಕೆಯಲ್ಲಿ ವಿವರಿಸುವುದು ಯುಕ್ತವೆಂದು ತೋರಿತು.

ಓಲೆ ಹೋಗಿ ಸೇರುವ ಮನೆಗಳನ್ನು ಅರಿಯದೆ ಓಲೆಯನ್ನು ಬರೆಯಲಾಗದು. ಮುನಿರ್ಕಾದಿಂದ ಬರುವ ಮಕ್ಕಳನ್ನೇ ಉದಾಹರಣೆಗಾಗಿ ತೆಗೆದುಕೊಳ್ಳೋಣ. ದೆಹಲಿಯ ಹೊರವರ್ತುಲ ರಸ್ತೆಯ ಬದಿಗಿರುವ ಮುನಿರ್ಕಾ ಹಿಂದೆ ಜಾಟ ಬೇಸಾಯಗಾರರ ಹಳ್ಳಿ. ನಗರವು ಬೆಳೆಯುತ್ತ ಬಂದಂತೆ ಅದರ ಸುತ್ತ ಡಿ.ಡಿ.ಎ. ಮನೆಗಳ ಸಾಲುಗಳೂ ರಾಮಕೃಷ್ಣಪುರದ ಸರ್ಕಾರಿ ವಸತಿಗಳೂ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯವೂ ಎದ್ದುವು; ೨೦೧೮ರಲ್ಲಿ ಮೆಟ್ರೊ ರೈಲೂ ಬಂದಿತು. ಹಳ್ಳಿಯ ಮೂಲ ಓಣಿಗಳು ಮಾತ್ರ ಈಗಲೂ ಇಕ್ಕಟ್ಟಾಗಿಯೇ ಇವೆ. ಅಲ್ಲಿಗೆ ಸಮೀಪದಲ್ಲಿಯೇ, ರಾವ್ ತುಲಾರಾಮ್ ಮಾರ್ಗದಲ್ಲಿ, ದೆಹಲಿ ಕರ್ನಾಟಕ ಸಂಘದ ಭವನವಿದೆ. ನಾಟಕ, ಸಂಗೀತ, ರಾಜ್ಯೋತ್ಸವಗಳಿಗಾಗಿ ಕನ್ನಡಿಗರು ಅಲ್ಲಿ ನೆರೆಯುತ್ತಾರೆ. ಆದರೆ ಮಗುವಿನ ಭಾಷೆ ಸಭಾಭವನದಲ್ಲಿ ಬೆಳೆಯುವುದಿಲ್ಲ. ಅಡುಗೆಮನೆಯಲ್ಲಿಯೂ ಊಟದ ತಟ್ಟೆಯ ಮುಂದೆಯೂ ಬೆಳೆಯುತ್ತದೆ.

ಆ ಮನೆಗಳಲ್ಲಿ ಕಾಣುವ ಸ್ಥಿತಿ ನಿಮಗೆಲ್ಲ ತಿಳಿದದ್ದೇ. ಅಜ್ಜಿ ಕನ್ನಡದಲ್ಲಿ ಕೇಳುತ್ತಾರೆ. ಮಗು ಹಿಂದಿಯಲ್ಲಿ ಉತ್ತರ ಕೊಡುತ್ತದೆ. ಅಣ್ಣತಂಗಿಯರು ತಮ್ಮೊಳಗೆ ಹಿಂದಿಯನ್ನಾಡುತ್ತಾರೆ. ಇದನ್ನು ಯಾರೂ ಬೇಕೆಂದು ಮಾಡಿದ್ದಲ್ಲ. ಕನ್ನಡವನ್ನು ಯಾರೂ ತಡೆದದ್ದೂ ಇಲ್ಲ. ಸೂಕ್ಷ್ಮವಾಗಿ ಕಿವಿಗೊಟ್ಟರೆ ಕಾರಣ ತಿಳಿಯುತ್ತದೆ. ಮನೆಯ ಕನ್ನಡದಲ್ಲಿ ಉಳಿದಿರುವುದು “ಬಾ, ಕೂತುಕೋ, ಉಣ್ಣು, ಬೇಡ, ಮಲಗು” ಎಂಬ ಹತ್ತಿಪ್ಪತ್ತು ಮಾತುಗಳು. ಮಗುವಿನ ಹಗಲಿನ ಸಂಗತಿಗಳು, ಅದರ ಸೋಜಿಗಗಳು, ಅದರ ಲೆಕ್ಕಗಳು ಆ ಮಾತುಗಳೊಳಗೆ ಬರುವುದೇ ಇಲ್ಲ. ಆಡಲು ವಿಷಯವಿಲ್ಲದ ಭಾಷೆ ಹೀಗೆ ಸದ್ದಿಲ್ಲದೆ ಜಾರಿಹೋಗುತ್ತದೆ. ಆರರಿಂದ ಎಂಟು ವರ್ಷದೊಳಗೆ ಹೀಗೆ ಜಾರಿದರೆ, ಮುಂದೆ ಪ್ರೌಢಶಾಲೆಯಲ್ಲಿ ಅದನ್ನು ಎತ್ತಿ ನಿಲ್ಲಿಸುವುದು ಎಷ್ಟು ಪ್ರಯಾಸದ ಕೆಲಸವೆಂಬುದು ನಿಮ್ಮಲ್ಲಿ ಕೆಲವರಿಗೆ ಸ್ವಾನುಭವದಿಂದಲೇ ಗೊತ್ತು. ವಾರದ ಓಲೆ ಮನೆಗೆ ಒಯ್ಯುವುದು ಈ ವಿಷಯವನ್ನೇ: ವಾರಕ್ಕೆ ಕಾಲುಗಂಟೆ ಕನ್ನಡದಲ್ಲಿ ಆಡಲು ಸಾಕಾಗುವಷ್ಟು ಸಂಗತಿ.

ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ನಮ್ಮ ಸಂವಿಧಾನದ ೩೫೦ಎ ವಿಧಿ ಹೇಳುತ್ತದೆ. ೧೯೫೬ರ ಏಳನೆಯ ತಿದ್ದುಪಡಿಯಿಂದ ಇದು ಸೇರಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ಒಂದರಿಂದ ಜಾರಿಗೆ ಬಂದಿತು. ಅದರ ೨೪ನೆಯ ಪ್ರಕರಣವು, ಉಪಾಧ್ಯಾಯರು ತಂದೆತಾಯಿಗಳೊಡನೆ ಕ್ರಮವಾಗಿ ಸಭೆ ಸೇರಿ ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿಗಳನ್ನು ತಿಳಿಸಬೇಕೆಂದು ವಿಧಿಸಿದೆ. ಸಭೆಗಳು ನಡೆಯಲಿ, ನಡೆಯಬೇಕು. ಆದರೆ ಸಭೆಯಲ್ಲಿ ಹಿರಿಯರು ಹಿರಿಯರೊಡನೆ ಮಾತಾಡುತ್ತಾರೆ. ಮಗು ಹೊರಗೆ ಕಾಯುತ್ತಿರುತ್ತದೆ. ಓಲೆಯ ಕೆಲಸ ಬೇರೆ.

ಈಗ ಒಂದು ಓಲೆಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಬೇಸಗೆಯ ರಜೆ ಮುಗಿದ ಮೇಲೆ, ಜುಲೈ ತಿಂಗಳ ಎರಡನೆಯ ವಾರದಲ್ಲಿ, ಎರಡನೆಯ ತರಗತಿಯಿಂದ ಹೋದದ್ದು ಇದು.

“ಸೋಮವಾರ ಮಳೆ ಬಂತು. ನಾವು ಬಾಗಿಲಲ್ಲಿ ನಿಂತು ಮಳೆ ನೋಡಿದೆವು. ‘ಮಳೆ’ ಎಂದು ಬರೆದೆವು. ‘ಮಲೆ’ ಎಂದೂ ಬರೆದೆವು. ಎರಡೂ ಬೇರೆ. ಮಲೆ ಎಂದರೆ ಬೆಟ್ಟ.

ಮಂಗಳವಾರ ನೇರಳೆ ಹಣ್ಣು ತಿಂದೆವು. ನಾಲಗೆ ನೀಲಿ ಆಯಿತು. ಬೀಜ ಎಣಿಸಿದೆವು. ಇಪ್ಪತ್ತೊಂಬತ್ತು ಬೀಜ. ಹತ್ತು ಬೀಜದ ಗುಂಪು ಎರಡು. ಉಳಿದದ್ದು ಒಂಬತ್ತು.

ಬುಧವಾರ ಮೂರು ಬೀಜ ಕುಂಡದಲ್ಲಿ ಹಾಕಿದೆವು. ಇನ್ನೂ ಮೊಳಕೆ ಬಂದಿಲ್ಲ.

ಗುರುವಾರ ಕಾಗೆಯ ಕಥೆ ಕೇಳಿದೆವು. ಕಾಗೆ ಹೂಜಿಗೆ ಕಲ್ಲು ಹಾಕಿತು. ನೀರು ಮೇಲೆ ಬಂತು. ನಾವೂ ಲೋಟಕ್ಕೆ ಕಲ್ಲು ಹಾಕಿದೆವು. ನೀರು ಮೇಲೆ ಬರಲಿಲ್ಲ. ಕಲ್ಲೇ ಮೇಲೆ ಬಂತು. ಏಕೆ?

ಮನೆಯವರಿಗೆ ಪ್ರಶ್ನೆ: ನೀವು ಚಿಕ್ಕವರಾಗಿದ್ದಾಗ ಮಳೆ ಬಂದರೆ ಏನು ಮಾಡುತ್ತಿದ್ದಿರಿ?”

ಇಷ್ಟೆ. ಅರ್ಧ ಹಾಳೆ; ಕೆಳಗಿನ ಅರ್ಧ ಖಾಲಿ. ಆ ಖಾಲಿ ಅರ್ಧದ ಮಾತನ್ನು ಆಮೇಲೆ ಹೇಳುತ್ತೇವೆ.

ಮೊದಲು ವಾಕ್ಯಗಳನ್ನು ಗಮನಿಸಿರಿ. ಒಂದೊಂದರಲ್ಲಿ ಎರಡು, ಮೂರು, ಹೆಚ್ಚೆಂದರೆ ಆರು ಶಬ್ದಗಳು. ಇದು ಬರೆಯುವವರ ಬಡತನವಲ್ಲ. ಓಲೆಯನ್ನು ತಂದೆತಾಯಿಗಳಿಗಾಗಿ ಬರೆಯುತ್ತೇವೆಂಬುದು ನಿಜವಾದರೂ, ಅದನ್ನು ಮನೆಯಲ್ಲಿ ಓದುವುದು ಮಗು. ಮುನಿರ್ಕಾದ ಕೆಲವು ಮನೆಗಳಲ್ಲಿ ತಂದೆತಾಯಿಗಳು ದೆಹಲಿಯಲ್ಲಿಯೇ ಹುಟ್ಟಿ ಬೆಳೆದವರು. ಕನ್ನಡವನ್ನು ಆಡಬಲ್ಲರು, ಓದಲಾರರು. ಅಂಥ ಮನೆಯೊಂದರಲ್ಲಿ ಎರಡನೆಯ ತರಗತಿಯ ಹುಡುಗಿಯೊಬ್ಬಳು ಶುಕ್ರವಾರ ಸಂಜೆ ಓಲೆಯನ್ನು ಬೆರಳಿಟ್ಟು ಓದುತ್ತಾಳೆ. ತಾಯಿ ರೊಟ್ಟಿ ತಟ್ಟುತ್ತ ಕೇಳುತ್ತಾರೆ. ಮನೆಯಲ್ಲಿ ಕನ್ನಡ ಓದಬಲ್ಲವಳು ತಾನೊಬ್ಬಳೇ ಎಂಬುದು ಆ ಹುಡುಗಿಗೆ ಎಷ್ಟು ದೊಡ್ಡ ಸಂಗತಿಯೆಂಬುದನ್ನು ನೀವೇ ಊಹಿಸಿಕೊಳ್ಳಿರಿ. ಆದುದರಿಂದ ಓಲೆಯಲ್ಲಿ ಆ ತರಗತಿಯವರು ಇನ್ನೂ ಕಲಿಯದ ಒತ್ತಕ್ಷರವೊಂದು ಬಂದರೆ, ಆ ಮನೆಯಲ್ಲಿ ಓದು ಅಲ್ಲಿಗೇ ನಿಲ್ಲುತ್ತದೆ. ‘ವೀಕ್ಷಿಸಿದೆವು’ ಎಂದು ಬರೆದು ತಂದ ವಿದ್ಯಾರ್ಥಿಗೆ ನಾವು ‘ನೋಡಿದೆವು’ ಎಂದು ತಿದ್ದಿಕೊಡುವುದು ಇದಕ್ಕಾಗಿ. ಪ್ರಬಂಧಕ್ಕೆ ಒಪ್ಪುವ ಶಬ್ದ ಓಲೆಗೆ ಒಪ್ಪದು. ಒಂದನೆಯ ತರಗತಿಯ ಓಲೆಯಂತೂ ಇನ್ನೂ ಕಷ್ಟ. ಒತ್ತಕ್ಷರಗಳಿಲ್ಲದೆ ಒಂದು ವಾರವನ್ನು ಹೇಳುವ ಪ್ರಯತ್ನ ಮಾಡಿ ನೋಡಿರಿ; ಕನ್ನಡ ನಿಮಗೆ ಎಷ್ಟು ಬರುತ್ತದೆಂಬುದು ಅರ್ಧ ಗಂಟೆಯಲ್ಲಿ ತಿಳಿದುಹೋಗುವುದು.

ಎರಡನೆಯದಾಗಿ, ಈ ಓಲೆಯಲ್ಲಿ ‘ಮಕ್ಕಳು ಸಂತೋಷದಿಂದ ಕಲಿತರು’ ಎಂಬ ವಾಕ್ಯವಿಲ್ಲ. ಬರೆಯುವವರ ಕೈಗೆ ಬಹು ಸುಲಭವಾಗಿ ಬರುವ ವಾಕ್ಯ ಅದು. ಅದರಿಂದ ಮನೆಯವರಿಗೆ ಒಂದು ಪ್ರಶ್ನೆಯೂ ಹುಟ್ಟುವುದಿಲ್ಲ. ‘ನಾಲಗೆ ನೀಲಿ ಆಯಿತು’ ಎಂದು ಬರೆದರೆ ಸಂತೋಷವೂ ತಿಳಿಯಿತು, ಹಣ್ಣು ತಿಂದದ್ದೂ ತಿಳಿಯಿತು, “ಎಲ್ಲಿ, ನಾಲಗೆ ತೋರಿಸು” ಎಂಬ ಮಾತೂ ಹುಟ್ಟಿತು. ಇಂದು ತರಗತಿಯ ಚಿತ್ರಗಳು ವಾಟ್ಸಾಪ್ ಗುಂಪುಗಳಲ್ಲಿ ಮನೆಗೆ ಹೋಗುತ್ತವೆಯಲ್ಲ, ಓಲೆ ಏಕೆ ಎಂದು ಕೇಳುವವರುಂಟು. ಚಿತ್ರದಲ್ಲಿ ಮಗುವಿನ ಮುಂದೆ ಬೀಜಗಳಿರುವುದು ಕಾಣುತ್ತದೆ. ಅವನ್ನು ಏಕೆ ಗುಂಪು ಮಾಡಿದರೆಂಬುದು ಕಾಣದು. ತಂದೆತಾಯಿಗಳು ಚಿತ್ರದಲ್ಲಿ ತಮ್ಮ ಮಗುವನ್ನು ಹುಡುಕಿ, ಕಂಡು, ಬೆರಳಿನಿಂದ ಸರಿಸಿಬಿಡುತ್ತಾರೆ. ಚಿತ್ರಗಳ ಮೇಲೆ ನಮಗೆ ದ್ವೇಷವಿಲ್ಲ. ಅವು ಮಾತನ್ನು ಹುಟ್ಟಿಸುವುದು ಕಡಿಮೆ ಎಂದಷ್ಟೇ ನಮ್ಮ ಅಭಿಪ್ರಾಯ.

ಇನ್ನು ‘ಮಳೆ’, ‘ಮಲೆ’ಗಳ ವಿಚಾರ. ಇಲ್ಲಿ ಸ್ವಲ್ಪ ನಿಂತು ನೋಡುವುದು ಅವಶ್ಯ. ಶಾಲೆಯಲ್ಲಿ ಕಲಿಸುವ ಹಿಂದಿಯಲ್ಲಿ ಳಕಾರವಿಲ್ಲ. ದಿನವಿಡೀ ಆ ಹಿಂದಿಯನ್ನು ಕೇಳುವ ಮಗುವಿನ ಕಿವಿ ಲಕಾರ ಳಕಾರಗಳನ್ನು ಒಂದೆಂದೇ ತಿಳಿಯುತ್ತದೆ. ನಾಲಗೆಯೂ ಹಾಗೆಯೇ ಹೊರಳುತ್ತದೆ. ಇದು ಉಚ್ಚಾರದ ಸಣ್ಣ ದೋಷವೆಂದು ಬಿಡುವಂತಿಲ್ಲ; ಅರ್ಥವೇ ಬದಲಾಗುತ್ತದೆ. ತರಗತಿಯಲ್ಲಿ ಒಂದು ಮಗು ತನ್ನ ಅಜ್ಜಿ ‘ಹಲ್ಲಿಯಲ್ಲಿ’ ಇದ್ದಾರೆಂದು ಹೇಳಿತು. ಅಜ್ಜಿ ಇದ್ದುದು ಹಳ್ಳಿಯಲ್ಲಿ. ಉಳಿದ ಮಕ್ಕಳು ನಕ್ಕರು; ಆ ವಾರದ ಬರಹಗಾರನಾದ ಏಳನೆಯ ತರಗತಿಯ ವಿದ್ಯಾರ್ಥಿಯೂ ನಕ್ಕು, ಅದನ್ನು ಮಗುವಿನ ಹೆಸರಿನೊಡನೆ ಓಲೆಯಲ್ಲಿ ಬರೆದು ತಂದನು. ನಾವು ಹೆಸರನ್ನು ಹೊಡೆದುಹಾಕಿ, ‘ಹಳ್ಳಿ’ ‘ಹಲ್ಲಿ’ ಎಂಬ ಎರಡು ಶಬ್ದಗಳನ್ನೂ ಅವುಗಳ ಪಕ್ಕದಲ್ಲಿ ಎರಡು ಚಿತ್ರಗಳನ್ನೂ ಮಾತ್ರ ಉಳಿಸಿದೆವು. ಆ ಶುಕ್ರವಾರ ಎಲ್ಲ ಮನೆಗಳಲ್ಲಿಯೂ ಹಲ್ಲಿಯ ಮಾತು ನಡೆಯಿತು. ಆ ಮಗುವಿನ ಮಾತು ಯಾವ ಮನೆಯಲ್ಲಿಯೂ ನಡೆಯಲಿಲ್ಲ.

ಮುನಿರ್ಕಾದ ಮಕ್ಕಳಿಗೆ ‘ಮಲೆ’ ಎಂಬ ಶಬ್ದವನ್ನು ತೋರಿಸಲು ದೂರ ಹೋಗಬೇಕಾಗಿಲ್ಲ. ರಾಮಕೃಷ್ಣಪುರದ ಏಳನೆಯ ಸೆಕ್ಟರಿನಲ್ಲಿ ಸಣ್ಣ ಗುಡ್ಡದ ಮೇಲೆ ಸ್ವಾಮಿನಾಥನ ಗುಡಿಯಿದೆ. ದೆಹಲಿಯವರೆಲ್ಲ ಅದನ್ನು ‘ಮಲೈ ಮಂದಿರ’ವೆನ್ನುತ್ತಾರೆ. ಹಿಂದಿಯವರಲ್ಲಿ ಆ ಹೆಸರನ್ನು ಹಾಲಿನ ಕೆನೆಯಾದ ಮಲಾಯಿಯೊಡನೆ ಸೇರಿಸಿ ನಗುವವರೂ ಉಂಟು. ತಮಿಳಿನ ‘ಮಲೈ’ಯೂ ಕನ್ನಡದ ‘ಮಲೆ’ಯೂ ಒಂದೇ ಶಬ್ದ, ಎರಡಕ್ಕೂ ಬೆಟ್ಟವೆಂದೇ ಅರ್ಥ. ಮಲೆನಾಡು ಎಂಬ ಹೆಸರಿನಲ್ಲಿರುವುದೂ ಇದೇ. ಪ್ರತಿದಿನ ಬಸ್ಸಿನ ಕಿಟಕಿಯಿಂದ ಕಾಣುವ ಗುಡಿಯ ಹೆಸರಿನೊಳಗೆ ತಮ್ಮ ಪಾಠದ ಶಬ್ದವಿದೆಯೆಂದು ತಿಳಿದಾಗ ಮಕ್ಕಳ ಮುಖ ಅರಳಿದುದನ್ನು ಓಲೆಯಲ್ಲಿ ಬರೆಯಲಾಗಲಿಲ್ಲ, ಇಲ್ಲಿ ಬರೆದಿದ್ದೇವೆ.

ಇನ್ನೊಂದು ಸ್ವಾರಸ್ಯವೂ ಉಂಟು. ಮುನಿರ್ಕಾದ ಮೂಲನಿವಾಸಿಗಳಾದ ಜಾಟರ ಮನೆಮಾತು ಹರಿಯಾಣವಿ. ಶಾಲೆಯ ಹಿಂದಿಯಲ್ಲಿಲ್ಲದ ಳಕಾರ ಅದರಲ್ಲಿ ಇದೆ. ಕಪ್ಪು ಎಂಬುದಕ್ಕೆ ಹಿಂದಿಯವರು ‘ಕಾಲಾ’ ಎಂದರೆ, ಓಣಿಯ ಕಟ್ಟೆಯ ಮೇಲೆ ಹುಕ್ಕಾ ಸೇದುತ್ತ ಕುಳಿತ ಮುದುಕರ ಬಾಯಲ್ಲಿ ‘ಕಾಳಾ’ ಎಂದು ಬರುತ್ತದೆ. ನಮ್ಮ ಮಕ್ಕಳು ಕಷ್ಟಪಟ್ಟು ನಾಲಗೆ ಮಡಚಿ ಕಲಿಯುವ ಆ ಧ್ವನಿ ನೆರೆಮನೆಯ ತಾತನಿಗೆ ಹುಟ್ಟಿನಿಂದಲೇ ಬಂದದ್ದು. ಹೊರನಾಡಿನಲ್ಲಿದ್ದೇವೆಂದು ನಿಟ್ಟುಸಿರಿಡುವವರು ಸುತ್ತಲಿನವರ ಮಾತಿಗೂ ಸ್ವಲ್ಪ ಕಿವಿಗೊಡುವುದು ಲೇಸು.

ಇಪ್ಪತ್ತೊಂಬತ್ತು ಬೀಜಗಳ ಸಂಗತಿಗೆ ಬರೋಣ. ಹಿಂದಿಯಲ್ಲಿ ಇಪ್ಪತ್ತೊಂಬತ್ತನ್ನು ‘ಉನ್‌ತೀಸ್’ ಎನ್ನುತ್ತಾರೆ; ‘ಮೂವತ್ತಕ್ಕೆ ಒಂದು ಕಡಿಮೆ’ ಎಂಬುದು ಅದರ ಭಾವ. ಹಿಂದಿಯಲ್ಲಿ ನೂರರೊಳಗಿನ ಸಂಖ್ಯೆಗಳ ಹೆಸರುಗಳನ್ನು ಹೆಚ್ಚುಕಡಿಮೆ ಒಂದೊಂದಾಗಿ ಬಾಯಿಪಾಠ ಮಾಡಬೇಕು. ಕನ್ನಡದಲ್ಲಿ ಇಪ್ಪತ್ತರ ಮೇಲೆ ಒಂಬತ್ತು, ಇಪ್ಪತ್ತೊಂಬತ್ತು. ಬೀಜಗಳನ್ನು ಹತ್ತು ಹತ್ತಾಗಿ ಜೋಡಿಸಿ ಉಳಿದುದನ್ನು ಬದಿಗಿಟ್ಟರೆ ಸಂಖ್ಯೆಯ ಹೆಸರು ಕಣ್ಣಿಗೇ ಕಾಣುತ್ತದೆ. (ಒಂಬತ್ತು ಎಂಬ ಶಬ್ದದೊಳಗೂ ‘ಹತ್ತಕ್ಕೆ ಒಂದು ಕಡಿಮೆ’ ಎಂಬ ಭಾವ ಅಡಗಿದೆಯೆಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ, ಆದುದರಿಂದ ಹಿಂದಿಯವರನ್ನು ನೋಡಿ ಬಹಳ ನಗುವಂತಿಲ್ಲ.) ತರಗತಿಯಲ್ಲಿ ಎರಡೂ ಭಾಷೆಗಳ ಎಣಿಕೆ ಬಲ್ಲ ಮಕ್ಕಳು ಕೂಡುವ ಲೆಕ್ಕವನ್ನು ಕನ್ನಡದಲ್ಲಿ ಮಾಡಲು ತೊಡಗಿದಾಗ, ಹತ್ತರ ಸ್ಥಾನ ಬಿಡಿ ಸ್ಥಾನಗಳನ್ನು ಬೇಗ ಹಿಡಿಯುವುದನ್ನು ನಾವು ಕಂಡಿದ್ದೇವೆ. ಓಲೆಯಲ್ಲಿ ‘ಹತ್ತು ಬೀಜದ ಗುಂಪು ಎರಡು, ಉಳಿದದ್ದು ಒಂಬತ್ತು’ ಎಂದು ವಿಧಾನವನ್ನೂ ಬರೆದದ್ದರಿಂದ, ಆ ಶನಿವಾರ ಮನೆಯಲ್ಲಿ ಕಡಲೆಬೇಳೆಯನ್ನು ಅದೇ ರೀತಿಯಲ್ಲಿ ಎಣಿಸಿದವರುಂಟು. ಕೇವಲ ‘ಗಣಿತ ಕಲಿತೆವು’ ಎಂದು ಬರೆದಿದ್ದರೆ ಇದು ಆಗುತ್ತಿರಲಿಲ್ಲ.

ಕಾಗೆಯ ಕಥೆಯ ಭಾಗದಲ್ಲಿ ಗಮನಿಸಬೇಕಾದುದು ಸತ್ಯ. ಪುಸ್ತಕದಲ್ಲಿ ನೀರು ಮೇಲೆ ಬರುತ್ತದೆ. ನಮ್ಮ ಲೋಟದಲ್ಲಿ ಬರಲಿಲ್ಲ. ಮನೆಯವರು ಏನೆಂದುಕೊಂಡಾರು, ಬಂದಿತೆಂದು ಬರೆದುಬಿಡೋಣವೇ ಎಂದು ಬರಹಗಾರ್ತಿ ಕೇಳಿದಳು. ಬೇಡವೆಂದೆವು. ಏಕೆ ಬರಲಿಲ್ಲವೆಂಬುದು ಸರಳವಾದ ವಿಚಾರ. ಲೋಟದಲ್ಲಿ ಕಾಲುಭಾಗ ಮಾತ್ರ ನೀರಿತ್ತು. ಕಲ್ಲುಗಳು ಎಷ್ಟೇ ಒತ್ತಾಗಿ ಕುಳಿತರೂ ಅವುಗಳ ನಡುವೆ ಸಂದುಗಳು ಉಳಿಯುತ್ತವೆ. ನೀರೆಲ್ಲ ಆ ಸಂದುಗಳಲ್ಲಿಯೇ ಅಡಗಿಹೋಯಿತು. ಮೇಲೆ ಕಂಡದ್ದು ಒಣ ಕಲ್ಲು. ಅರ್ಧಕ್ಕಿಂತ ಹೆಚ್ಚು ನೀರಿದ್ದರೆ ಸಂದುಗಳು ತುಂಬಿ ಮಿಕ್ಕ ನೀರು ಮೇಲೇರುತ್ತದೆ. ಕಥೆಯ ಕಾಗೆಗೆ ಬುದ್ಧಿಯಷ್ಟೇ ಅಲ್ಲ, ಅದೃಷ್ಟವೂ ಇತ್ತು ಎನ್ನೋಣ. ‘ಏಕೆ?’ ಎಂದು ಓಲೆಯಲ್ಲಿ ಬಿಟ್ಟದ್ದರಿಂದ, ಹಲವು ಮನೆಗಳಲ್ಲಿ ಲೋಟಗಳೂ ಕಲ್ಲುಗಳೂ ಹೊರಬಂದುವು. ಸೋಮವಾರ ಒಬ್ಬ ಬಾಲಕ, ಎಷ್ಟು ನೀರಿಗೆ ಕಲ್ಲು ಮುಳುಗುತ್ತದೆಂದು ತನ್ನ ತಂದೆಯೊಡನೆ ಲೋಟದ ಮೇಲೆ ಗೆರೆ ಹಾಕಿ ತಂದು ತೋರಿಸಿದನು. ತರಗತಿಯಲ್ಲಿ ಕೈಗೂಡದ ಪ್ರಯೋಗ ಹೀಗೆ ಮನೆಯಲ್ಲಿ ಕೈಗೂಡಿತು. ಬಂದಿತೆಂದು ಬರೆದಿದ್ದರೆ ಆ ಲೋಟ ಅಡುಗೆಮನೆಯಲ್ಲಿಯೇ ಉಳಿಯುತ್ತಿತ್ತು.

ಒಂದನೆಯ ತರಗತಿಯ ಓಲೆಗೆ ಇನ್ನೊಂದು ಹೊಣೆಯುಂಟು. ವರ್ಷದ ಆರಂಭದಲ್ಲಿ ಹಿರಿಯರಿಂದ ಬರುವ ಆಕ್ಷೇಪ ಪ್ರತಿ ವರ್ಷವೂ ಒಂದೇ: “ಒಂದು ತಿಂಗಳಾಯಿತು, ಮಗುವಿಗೆ ಆ, ಇ, ಈ ಬರುವುದಿಲ್ಲ, ಗರಗಸ ಎಂದು ಬರೆಯುತ್ತದೆ. ಇದೇನು ಪಾಠ?” ಅವರು ಕಲಿತದ್ದು ವರ್ಣಮಾಲೆಯ ಕ್ರಮದಲ್ಲಿ, ಸ್ಲೇಟಿನ ಮೇಲೆ ಅಕಾರದಿಂದ ಮೊದಲುಮಾಡಿ ತಿದ್ದಿದವರು. ಈಗ ಕರ್ನಾಟಕದ ಒಂದನೆಯ ತರಗತಿಯಲ್ಲಿ ರೂಢಿಯಲ್ಲಿರುವ ಕ್ರಮ ಬೇರೆ: ಮೊದಲು ರ, ಗ, ಸ, ದ, ಅ, ಆಮೇಲೆ ಜ, ವ, ಮ, ಬ, ನ. ೧೯೯೫ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಮುಂದೆ ರಾಜ್ಯದಲ್ಲೆಲ್ಲ ಹರಡಿದ ನಲಿ-ಕಲಿ ಪದ್ಧತಿಯಲ್ಲಿಯೂ ಇದೇ ಕ್ರಮವುಂಟು. ಬರೆಯಲು ಸುಲಭವಾದ, ಆಕಾರದಲ್ಲಿ ಒಂದನ್ನೊಂದು ಹೋಲುವ ಅಕ್ಷರಗಳು ಮೊದಲು ಬರುತ್ತವೆ. ಅದೂ ಅಲ್ಲದೆ, ಐದೇ ಅಕ್ಷರಗಳಿಂದ ಅರಸ, ಅಗಸ, ಸರ, ರಸ, ದರ, ಗರಗಸ ಎಂಬ ಅರ್ಥವುಳ್ಳ ಶಬ್ದಗಳನ್ನು ಮಗು ತಾನೇ ಓದಬಲ್ಲದು. ಅ ಆ ಇ ಈ ಉ ಎಂಬ ಐದು ಅಕ್ಷರಗಳಿಂದ ಅಂಥ ಶಬ್ದಗಳು ಎಷ್ಟಾಗುತ್ತವೆ, ಲೆಕ್ಕಹಾಕಿ ನೋಡಿರಿ. ವರ್ಣಮಾಲೆಯ ಕ್ರಮದಲ್ಲಿ ತಪ್ಪೇನೂ ಇಲ್ಲ. ಧ್ವನಿಗಳನ್ನು ಹುಟ್ಟುವ ಸ್ಥಾನಗಳಿಗನುಸಾರವಾಗಿ ಜೋಡಿಸಿದ ಆ ವ್ಯವಸ್ಥೆ ಅತ್ಯಂತ ಶಾಸ್ತ್ರೀಯವಾದದ್ದು, ನಿಘಂಟು ನೋಡಲು ಅದು ಬೇಕೇ ಬೇಕು. ಆದರೆ ಮೊದಲ ತಿಂಗಳಲ್ಲಿಯೇ ಓದಿದ ಸುಖ ಮಗುವಿಗೆ ದೊರೆಯುವುದು ಹೊಸ ಕ್ರಮದಲ್ಲಿ.

ಇದನ್ನು ಮನೆಯವರಿಗೆ ತಿಳಿಸಲು ಉದ್ದನೆಯ ಸುತ್ತೋಲೆ ಬೇಕಾಗಲಿಲ್ಲ. ಮೊದಲ ತಿಂಗಳ ಒಂದು ಓಲೆಯಲ್ಲಿ ಐದು ಅಕ್ಷರಗಳನ್ನು ಮೇಲೆ ಬರೆದು, ಕೆಳಗೆ “ಈ ಐದರಿಂದ ನಿಮಗೆ ಎಷ್ಟು ಮಾತು ಸಿಗುತ್ತದೆ?” ಎಂದು ಕೇಳಿದೆವು. ಈ ವಾಕ್ಯವನ್ನು ಮಗು ಇನ್ನೂ ಓದಲಾರದಾದ್ದರಿಂದ, ಅಣ್ಣನೋ ಅಕ್ಕನೋ ಓದಿ ಹೇಳಬೇಕೆಂದು ಬಸ್ಸಿನಲ್ಲಿಯೇ ತಿಳಿಸಿ ಕಳುಹಿಸಿದ್ದೆವು. ಸೋಮವಾರ ಹಾಳೆಗಳು ತುಂಬಿ ಬಂದುವು. ಆಕ್ಷೇಪ ಮಾಡಿದ್ದ ಹಿರಿಯರೊಬ್ಬರ ಪಟ್ಟಿಯೇ ಎಲ್ಲಕ್ಕಿಂತ ಉದ್ದವಾಗಿತ್ತು.

ಇನ್ನು, ಏನನ್ನು ಬರೆಯಬಾರದು? ಹೊಡೆದಾಟ, ಅಳು, ತಂದ ಬುತ್ತಿಯ ಬಡತನ ಸಿರಿತನ, ಯಾರಿಗೆ ಎಷ್ಟು ಅಂಕ ಎಂಬುದು, ಇವು ಓಲೆಯೊಳಗೆ ಬರತಕ್ಕವಲ್ಲ. ಯಾವ ಮಗುವಿನ ಹೆಸರೂ ಬೇಡ, ಹೊಗಳಿಕೆಗೂ ಬೇಡ. ಒಬ್ಬರನ್ನು ಹೆಸರಿಸಿ ಹೊಗಳಿದ ಓಲೆ, ಉಳಿದ ಮನೆಗಳಲ್ಲಿ “ನಿನ್ನ ಹೆಸರೇಕೆ ಇಲ್ಲ?” ಎಂಬ ಒಂದೇ ಪ್ರಶ್ನೆಯನ್ನು ಹುಟ್ಟಿಸುತ್ತದೆ. ಆ ಮನೆಗಳಲ್ಲಿ ಆ ವಾರ ಬೇರೆ ಮಾತೇ ನಡೆಯದು. ‘ನಾವು’ ಎಂದು ಬರೆಯಿರಿ. ಬೀಜ ಎಣಿಸಿದ್ದು ‘ನಾವು’, ಕಲ್ಲು ಹಾಕಿದ್ದು ‘ನಾವು’. ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಮಗುವೂ ಮನೆಯಲ್ಲಿ ಅದನ್ನು ಓದುವಾಗ ಆ ‘ನಾವು’ ಎಂಬುದರೊಳಗೆ ಸೇರುತ್ತದೆ.

ಓಲೆಯನ್ನು ಹಿಂದಿಯಲ್ಲಿಯೂ ಇಂಗ್ಲಿಷಿನಲ್ಲಿಯೂ ಕೊಡಬಾರದೇ ಎಂಬ ಪ್ರಶ್ನೆ ಬಂದಿದೆ. ಕೇಳಿದವರು ಕನ್ನಡ ಬಾರದ ಸೊಸೆಯರು, ಅಳಿಯಂದಿರು. ಅವರ ಕೋರಿಕೆ ನ್ಯಾಯವಾದದ್ದೇ. ಬಹಳ ಚರ್ಚಿಸಿ ನಾವು ಒಂದು ನಡುವಿನ ಹಾದಿ ಹಿಡಿದೆವು. ರಜೆ, ಬಸ್ಸಿನ ವೇಳೆ, ಚುಚ್ಚುಮದ್ದಿನ ದಿನ ಮುಂತಾದ ತಪ್ಪದೆ ತಿಳಿಯಬೇಕಾದ ಸೂಚನೆಗಳು ಹಾಳೆಯ ಹಿಂಬದಿಯಲ್ಲಿ ಮೂರು ಭಾಷೆಗಳಲ್ಲಿ ಇರುತ್ತವೆ. ಮುಂಬದಿಯ ಸಂಗತಿಗಳು ಕನ್ನಡದಲ್ಲಿ ಮಾತ್ರ. ಅನುವಾದವನ್ನು ಪಕ್ಕದಲ್ಲಿಟ್ಟರೆ ಮಗುವನ್ನು ಕೇಳುವ ಅಗತ್ಯವೇ ಮನೆಯವರಿಗೆ ಉಳಿಯದು. ಕನ್ನಡ ಬಾರದ ತಾಯಿ “ಇದರಲ್ಲಿ ಏನಿದೆ, ಹೇಳು” ಎಂದು ಮಗುವಿನ ಮುಂದೆ ಕುಳಿತರೆ, ಆ ಕಾಲುಗಂಟೆ ಮಗುವೇ ಉಪಾಧ್ಯಾಯ. ಎಲ್ಲ ತಾಯಂದಿರಿಗೂ ಅಷ್ಟು ಬಿಡುವಿರುವುದಿಲ್ಲವೆಂಬುದೂ ನಮಗೆ ಗೊತ್ತು. ಆದರೂ ಈ ವಿಷಯದಲ್ಲಿ ನಮ್ಮ ನಿರ್ಧಾರವನ್ನು ಬದಲಿಸಲು ಇದುವರೆಗೆ ಕಾರಣ ದೊರೆತಿಲ್ಲ.

ಚಿಕ್ಕ ಮಕ್ಕಳ ದಿನದ ಸಂಗತಿಯನ್ನೇ ಬರಹವಾಗಿಸುವುದು ನಾವು ಕಂಡುಹಿಡಿದ ಯುಕ್ತಿಯೇನೂ ಅಲ್ಲ. ಫ್ರಾನ್ಸ್ ದೇಶದ ಸೆಲೆಸ್ತಾಂ ಫ್ರೆನೆ ಎಂಬ ಉಪಾಧ್ಯಾಯರು ಮೊದಲನೆಯ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಗಾಯವಾಗಿ, ಹೆಚ್ಚು ಹೊತ್ತು ಮಾತಾಡಲಾಗದವರಾಗಿದ್ದರು. ೧೯೨೦ರಲ್ಲಿ ದಕ್ಷಿಣ ಫ್ರಾನ್ಸಿನ ಒಂದು ಹಳ್ಳಿಯ ಶಾಲೆಗೆ ಬಂದ ಅವರು, ೧೯೨೪ರಲ್ಲಿ ಒಂದು 小 ಅಚ್ಚಿನ ಯಂತ್ರವನ್ನು ತರಗತಿಯೊಳಗೇ ಇರಿಸಿದರು. ಮಕ್ಕಳು ತಾವು ಕಂಡುದನ್ನು ಹೇಳಿ, ಬರೆದು, ತಾವೇ ಮೊಳೆ ಜೋಡಿಸಿ ಅಚ್ಚುಹಾಕಿದರು. ಆ ಹಾಳೆಗಳು ಮನೆಗಳಿಗೆ ಹೋದುವು. ದೂರದ ಬ್ರಿಟನಿ ಕಡಲತೀರದ ಶಾಲೆಯೊಂದಕ್ಕೂ ಹೋದುವು. ಅಲ್ಲಿಂದ ಕಡಲಿನ ಸಂಗತಿಗಳು ಬೆಟ್ಟದ ಮಕ್ಕಳಿಗೆ ಬಂದುವು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದು, ಮಕ್ಕಳಿಗಾಗಿ ಬರೆದಂತೆಯೇ ತಂದೆತಾಯಿಗಳಿಗಾಗಿಯೂ ಗುಜರಾತಿಯಲ್ಲಿ ಬಹಳವಾಗಿ ಬರೆದರು. ನಮ್ಮಲ್ಲಿ ಅಚ್ಚಿನ ಯಂತ್ರವಿಲ್ಲ; ಕೈಬರಹದ ಒಂದು ಹಾಳೆ, ಅದರ ಜೆರಾಕ್ಸ್ ಪ್ರತಿಗಳು, ಇಷ್ಟೇ. ೨೦೨೦ರ ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದಾಗಲೂ, ೨೦೨೪ರ ನವೆಂಬರಿನಲ್ಲಿ ದೆಹಲಿಯ ಗಾಳಿ ಕೆಟ್ಟು ತರಗತಿಗಳು ಮನೆಯಿಂದಲೇ ನಡೆದಾಗಲೂ, ನಿಜವಾಗಿ ನೋಡಿ ಮುಟ್ಟಿ ಬರೆಯತಕ್ಕ ಸಂಗತಿಗಳು ಎಷ್ಟು ಕಡಿಮೆಯಾಗುತ್ತವೆಂಬುದು ತಿಳಿಯಿತು.

ಈಗ ಖಾಲಿ ಬಿಟ್ಟ ಅರ್ಧದ ವಿಚಾರ. ಅದು ಮನೆಯವರ ಉತ್ತರಕ್ಕೆ. ಉತ್ತರ ಎರಡೇ ಮಾತಾಗಿರಲಿ, ಚಿತ್ರವಾಗಿರಲಿ, ಹಿಂದಿಯ ಲಿಪಿಯಲ್ಲಿ ಬರೆದ ಕನ್ನಡವಾಗಿರಲಿ, ಎಲ್ಲವೂ ಸರಿಯೇ. ಸೋಮವಾರ ಬೆಳಿಗ್ಗೆ ಅವನ್ನು ತರಗತಿಯಲ್ಲಿ ಓದುತ್ತೇವೆ. ಹೀಗೆ ಬಂದ ಉತ್ತರಗಳಿಂದ ನಾವೂ ಕಲಿತದ್ದುಂಟು. ದೆಹಲಿಯ ಚಳಿಗಾಲದಲ್ಲಿ ಓಣಿಯೋಣಿಯಲ್ಲೂ ಹುರಿದು ಮಾರುವ ‘ಮೂಂಗ್‌ಫಲಿ’ಗೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆಂದು ಜನವರಿಯ ಓಲೆಯೊಂದರಲ್ಲಿ ಕೇಳಿದ್ದೆವು. ಮೈಸೂರು ಕಡೆಯ ಮನೆಗಳಿಂದ ‘ಕಡಲೆಕಾಯಿ’, ಧಾರವಾಡದ ಕಡೆಯವರಿಂದ ‘ಶೇಂಗಾ’, ಮಂಗಳೂರಿನ ಕಡೆಯವರಿಂದ ‘ನೆಲಗಡಲೆ’ ಎಂದು ಬಂದಿತು. ಯಾವುದು ಸರಿಯೆಂದು ಮಕ್ಕಳು ಜಗಳಕ್ಕೆ ನಿಂತರು. ಮೂರನ್ನೂ ಕಪ್ಪುಹಲಗೆಯ ಮೇಲೆ ಬರೆದು, ಕರ್ನಾಟಕದ ಭೂಪಟದಲ್ಲಿ ಆಯಾ ಊರುಗಳ ಮೇಲೆ ಒಂದೊಂದು ಬೀಜವನ್ನು ಅಂಟಿಸಿದೆವು.

ಇನ್ನೊಮ್ಮೆ, ವಿಶ್ವವಿದ್ಯಾಲಯದ ಬಂಡೆಗಳ ನಡುವೆ ಬೆಳೆದಿರುವ ಮುಳ್ಳುಮರದ ಕೊಂಬೆಯೊಂದರ ಚಿತ್ರವನ್ನು ಓಲೆಯಲ್ಲಿ ಬರೆದು ಅದರ ಹೆಸರು ಕೇಳಿದೆವು. ದೆಹಲಿಯಲ್ಲಿ ಅದು ‘ವಿಲಾಯತಿ ಕೀಕರ್’. ಮುನಿರ್ಕಾದ ಒಂದು ಮನೆಯಿಂದ, ಊರಿನಿಂದ ಹೊಸದಾಗಿ ಬಂದಿದ್ದ ಅಜ್ಜಿಯೊಬ್ಬರು ಮೊಮ್ಮಗನ ಕೈಯಲ್ಲಿ ಬರೆಸಿದ್ದರು: “ಇದು ನಮ್ಮ ಬಳ್ಳಾರಿ ಜಾಲಿ. ಒಲೆಗೆ ಉರಿಯುತ್ತದೆ. ಮುಳ್ಳು ಚುಚ್ಚಿದರೆ ಬಹಳ ನೋವು. ಇಲ್ಲಿಗೂ ಬಂದಿದೆಯೇ?” ಆ ಮರ ಬಳ್ಳಾರಿಯದೂ ಅಲ್ಲ, ದೆಹಲಿಯದೂ ಅಲ್ಲ, ಅಮೆರಿಕ ಖಂಡದಿಂದ ೧೯ನೆಯ ಶತಮಾನದಲ್ಲಿ ನಮ್ಮ ದೇಶಕ್ಕೆ ಬಂದದ್ದು. ಮುಂದಿನ ಶುಕ್ರವಾರದ ಓಲೆಯಲ್ಲಿ ಅದನ್ನು ನಾಲ್ಕು ಸಣ್ಣ ವಾಕ್ಯಗಳಲ್ಲಿ ಬರೆದು, ಕೊನೆಯಲ್ಲಿ ಅಜ್ಜಿಗೆ ಒಂದು ಪ್ರಶ್ನೆ ಸೇರಿಸಿದೆವು: “ನಿಮ್ಮ ಊರಿನಲ್ಲಿ ಈ ಮರಕ್ಕಿಂತ ಮೊದಲು ಯಾವ ಮರ ಇತ್ತು?”